ಮಿನಿಗ್ರೇಲ್ ರಿವ್ಯೂ: ಚೆಂಡು ಸೂಪರ್, ಶ್ರುತಿ ಮಾತ್ರ ಕೈ ಕೊಡ್ತು (3/5)

ಮೊದಲೇ ಹೇಳ್ಬಿಡ್ತೀನಿ, ಇದನ್ನ ಯಾರೂ ಮನೆಗೆ ತರೋಕಾಗಲ್ಲ, ನಾನೂ ಕಣ್ಣಾರೆ ನೋಡಿಲ್ಲ, ಓದಿ ಓದಿ ಹುಚ್ಚು ಹಿಡಿದು ಬರೀತಿರೋ ರಿವ್ಯೂ ಇದು. ಮಾಲು ಏನಪ್ಪಾ ಅಂದ್ರೆ ನೆದರ್ಲೆಂಡ್ಸಿನ ಲೈಡನ್ ಯೂನಿವರ್ಸಿಟಿಯವರು ಗುರುತ್ವ ಅಲೆ (ಕಪ್ಪುಕುಳಿಯಂಥ ಭಾರೀ ವಸ್ತುಗಳು ಡಿಕ್ಕಿ ಹೊಡೆದಾಗ ಜಾಗವೇ ಅದುರಿ ಹರಡೋ ಅಲೆ) ಹಿಡಿಯೋಕೆ ಮಾಡಿದ ಲೋಹದ ಗೋಳ, ಹೆಸರು ಮಿನಿಗ್ರೇಲ್. 68 ಸೆಂ.ಮೀ. ಅಗಲ, ತಾಮ್ರಕ್ಕೆ 6% ಅಲ್ಯೂಮಿನಿಯಂ ಬೆರೆಸಿದ್ದು, ತೂಕ ಒಂದು ಟನ್ನಿಗೂ ಮೇಲೆ. ಬಚ್ಚಲುಮನೆ ಹಂಡೆ ನೆನಪಾದ್ರೆ ತಪ್ಪೇನಿಲ್ಲ, ಆದ್ರೆ ಇದು ಒಳಗೂ ಗಟ್ಟಿ, ಮತ್ತೆ ಕಾಯಿಸೋದಲ್ಲ, ತನ್ನ ಬಿಸಿಗೇ ಅದುರಬಾರ್ದು ಅಂತ ತಣ್ಣಗೆ ಮಾಡೋದು, ಗುರಿ 20 ಮಿಲಿಕೆಲ್ವಿನ್, ಅಂದ್ರೆ ಚಳಿಯ ಕೊನೆ ಮಿತಿ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಐವತ್ತನೇ ಒಂದು ಪಾಲಷ್ಟೇ ಮೇಲೆ. ಹೀಲಿಯಂ ಮೊದಲ ಸಲ ದ್ರವ ಆಗಿದ್ದೇ ಆ ಊರಲ್ಲಿ, 1908ರಲ್ಲಿ, ಹಂಗಾಗಿ ಚಳಿ ವಿಷಯದಲ್ಲಿ ಅವರಿಗೆ ಹೇಳಿಕೊಡೋಕಾಗಲ್ಲ.

ಯಾಕೆ ಗೋಳ? 1960ರ ದಶಕದಲ್ಲಿ ಅಮೆರಿಕದ ಜೋಸೆಫ್ ವೆಬರ್ ಅಲ್ಯೂಮಿನಿಯಂ ಸಿಲಿಂಡರ್ ತೂಗುಹಾಕಿ ಕೂತಿದ್ರು, ಅಲೆ ಸಿಕ್ತು ಅಂತ 1969ರಲ್ಲಿ ಹೇಳಿದ್ರು, ಬೇರೆ ಯಾರಿಗೂ ಸಿಗಲಿಲ್ಲ. ಸಿಲಿಂಡರಿನ ತೊಂದರೆ ಅಂದ್ರೆ ಅದರ ಉದ್ದಕ್ಕೇ ನೆಟ್ಟಗೆ ಬಂದ ಅಲೆ ಅದಕ್ಕೆ ಕೇಳ್ಸೋದೇ ಇಲ್ಲ. ಗೋಳಕ್ಕೆ ಆ ಕಿವುಡಿಲ್ಲ, ಎಲ್ಲಾ ಕಡೆಯಿಂದ್ಲೂ ಒಂದೇ ಥರ ಕೇಳುತ್ತೆ, ಐದು ಥರ ಅದುರುತ್ತೆ, ಆ ಐದನ್ನೂ ಅಳೆದ್ರೆ ಅಲೆ ಯಾವ ದಿಕ್ಕಿಂದ ಬಂತು ಅಂತ ಒಂದೇ ಮಷೀನಲ್ಲಿ ಲೆಕ್ಕ ಹಾಕ್ಬೋದು. (ಎದುರಿಂದ ಬಂತಾ ಬೆನ್ನ ಹಿಂದಿಂದ ಬಂತಾ ಅನ್ನೋದು ಮಾತ್ರ ಗೊತ್ತಾಗಲ್ಲ, ಇರ್ಲಿ ಬಿಡಿ.) ನನಗೆ ಇದೇ ಹುಚ್ಚು ಹಿಡಿಸಿದ ಫೀಚರ್.

ಈಗ ಬೈಗುಳ. ಇದು ಘಂಟೆ ಇದ್ದಂಗೆ, ತನ್ನ ಸ್ವರ ಬಿಟ್ಟು ಬೇರೆದಕ್ಕೆ ಅಲ್ಲಾಡಲ್ಲ. ಸ್ವರ ಸುಮಾರು 2900 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಅದುರೋದು), ಅದರ ಅಕ್ಕಪಕ್ಕ ಒಂದು 230 ಹರ್ಟ್ಸ್ ಅಷ್ಟೇ. ಕಪ್ಪುಕುಳಿ ಕೂಡ ಘಂಟೆ ಥರ ಮೊಳಗಿ ಸುಮ್ನಾಗುತ್ತೆ ಅಂತ 1970ರಲ್ಲೇ ತೋರಿಸಿದ್ದು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಆ ಲೆಕ್ಕದಲ್ಲಿ ಈ ಗೋಳದ ಶ್ರುತಿಗೆ ಸೇರಬೇಕಂದ್ರೆ ಸೂರ್ಯನ ನಾಲ್ಕರಷ್ಟು ತೂಕದ ಪುಟಾಣಿ ಕಪ್ಪುಕುಳಿ ಬೇಕು. ಆದ್ರೆ 2015ರ ಸೆಪ್ಟೆಂಬರ್ 14ಕ್ಕೆ ಮೊದಲ ಸಲ ಸಿಕ್ಕಿದ ಗುರುತ್ವ ಅಲೆ ಕಳಿಸಿದ್ದು ಸೂರ್ಯನ ಅರವತ್ತರಷ್ಟು ತೂಕದ ಭಾರೀ ಕಪ್ಪುಕುಳಿ ಆಸಾಮಿ, ಅಲೆ ಶುರುವಾಗಿದ್ದು 35 ಹರ್ಟ್ಸಿಗೆ, ಏರಿದ್ದು 250ರವರೆಗೆ. ನಾಲ್ಕು ಕಿಲೋಮೀಟರ್ ಉದ್ದದ ತೋಳು ಚಾಚಿಕೊಂಡಿದ್ದ ಲೈಗೋ (ಅಮೆರಿಕದ ಲೇಸರ್ ಯಂತ್ರ) ಅದನ್ನ ಬಾಚಿಕೊಳ್ತು. ಗೋಳಕ್ಕೆ ಆ ರಾಗ ಎಟುಕೋದೇ ಇಲ್ಲ, ಎಷ್ಟು ತಣ್ಣಗೆ ಮಾಡಿದ್ರೂ ಅಷ್ಟೇ.

ಇದಕ್ಕೊಬ್ಬ ತಮ್ಮನೂ ಇದ್ದ ಬ್ರೆಜಿಲಿನ ಸಾವೋ ಪಾಲೋದಲ್ಲಿ, ಮಾರಿಯೋ ಶೆನ್‌ಬರ್ಗ್ ಅಂತ, 65 ಸೆಂ.ಮೀ., 1150 ಕೆ.ಜಿ., ಸ್ವರ ಇನ್ನೂ ಮೇಲೆ, ಸುಮಾರು 3200. ಅವನ ಜಾತಕನೂ ಅದೇ, ಇಬ್ರಿಗೂ ಒಂದು ಅಲೇನೂ ಸಿಗಲಿಲ್ಲ.

ಹಂಗಂತ ಗುಜರಿಗೆ ಹಾಕಿ ಅಂತ ನಾನು ಹೇಳಲ್ಲ. ಗೋಳ ಬಲೂನಿನ ಥರ ಇಡಿಯಾಗಿ ಉಬ್ಬಿ ಕುಗ್ಗೋ ಇನ್ನೊಂದು ಅದುರಾಟ ಇದೆ, ಐನ್‌ಸ್ಟೈನ್ ಲೆಕ್ಕ ಸರಿ ಇದ್ರೆ ಯಾವ ಗುರುತ್ವ ಅಲೇಗೂ ಅದು ಏಳಬಾರ್ದು, ಎದ್ರೆ ಥಿಯರೀಲೇ ಏನೋ ಎಡವಟ್ಟು ಅಂತ. ಮೂರನೇ ಸ್ಟಾರ್ ಕೊಟ್ಟಿದ್ದು ಇದೊಂದಕ್ಕೇ.