ವಸಂತದ ಕ್ವಿಲ್ಟ್ ಕಿಟ್: ಮೊಲ ಸುಲಭ, ಮಿಂಕಿ ಕಷ್ಟ

ಮೊಲ, ಕುರಿಮರಿ, ಬಾತುಕೋಳಿ, ಗುಬ್ಬಿ. ಚಳಿದೇಶಗಳಲ್ಲಿ ಹಿಮ ಕರಗಿ ಹುಲ್ಲು ಚಿಗುರುವ ಹೊತ್ತಿಗೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕಾಣುವ ಪ್ರಾಣಿಗಳು ಇವೇ. ಬಟ್ಟೆಯ ಚೌಕಗಳನ್ನು ಜೋಡಿಸಿ, ಪದರಗಳನ್ನು ಸೇರಿಸಿ ಹೊಲಿಯುವ ಹೊದಿಕೆಯಾದ ಕ್ವಿಲ್ಟಿನ ಈ ಕಿಟ್ಟಿನಲ್ಲೂ ಅವೇ ಇವೆ. ಪೆಟ್ಟಿಗೆಯ ಮೇಲೆ ‘ಹೊಸಬರಿಗೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಗೆರೆಗೆರೆ, ನುಣುಪು, ಸುಕ್ಕು ಮೈಯ ಹತ್ತು ತುಂಡುಗಳ ಮೇಲೆ ನಿಂತಿದೆ. ಕೈ ಸೋಲುವುದು ಅಲ್ಲೇ.

ಒಳಗಿರುವುದು 6½ ಇಂಚಿನ 30 ಚೌಕ: ಪ್ರಾಣಿ ಅಚ್ಚಾದ ಹತ್ತಿ ಬಟ್ಟೆಯವು 12, ಸಾದಾ ಹತ್ತಿಯವು 8, ಕಾರ್ಡುರಾಯ್ 4, ಎರಡು ಪದರದ ಮಸ್ಲಿನ್ 3, ಮಿಂಕಿ (ಮೃದು ರೋಮದಂತಹ ಮೈಯ ಬಟ್ಟೆ) 3. ಜೊತೆಗೆ ಅಂಟಿಸಿ ಹೊಲಿಯಲು ಒಂದು ಮೊಲದ ಮಾದರಿ, ನಡುವಿನ ಪದರಕ್ಕೆ ಪಾಲಿಯೆಸ್ಟರ್ ಹಾಸು, ಹಿಂಬದಿಗೆ ಒಂದು ಮೀಟರ್ ಬಟ್ಟೆ, ಅಂಚಿಗೆ 2½ ಇಂಚಿನ ನಾಲ್ಕು ಪಟ್ಟಿ, 25 ಸೇಫ್ಟಿ ಪಿನ್ನು. ಅಡ್ಡಕ್ಕೆ ಐದು, ಉದ್ದಕ್ಕೆ ಆರು ಚೌಕ ಜೋಡಿಸಿದರೆ ಸುಮಾರು 30 ಇಂಚು ಅಗಲ, 36 ಇಂಚು ಉದ್ದದ ಕ್ವಿಲ್ಟ್ ಆಗುತ್ತದೆ. ಮಗು ನೆಲದ ಮೇಲೆ ಆಡಲು, ದೊಡ್ಡವರು ತೊಡೆಯ ಮೇಲೆ ಹೊದೆಯಲು ಸಾಕು.

ಮೊದಲು ಮೆಚ್ಚಬೇಕಾದ್ದು ಅಳತೆಯನ್ನು. ಮೊದಲ ಕ್ವಿಲ್ಟಿಗೆ 6½ ಇಂಚು ಸರಿಯಾದ ಚೌಕ. ಅದಕ್ಕಿಂತ ಚಿಕ್ಕದಾದರೆ ಜೋಡಣೆಗಳು ಹೆಚ್ಚುತ್ತವೆ, ಜೋಡಣೆ ಹೆಚ್ಚಿದಷ್ಟೂ ತಪ್ಪು ಕೂಡುತ್ತಾ ಹೋಗುತ್ತದೆ. ಲೆಕ್ಕ ಹೀಗಿದೆ: ಅಂಚಿನಿಂದ ಕಾಲು ಇಂಚು ಬಿಟ್ಟು ಬೀಳಬೇಕಾದ ಪ್ರತಿ ಹೊಲಿಗೆ ಅದಕ್ಕಿಂತ 1/16 ಇಂಚು ಒಳಗೆ ಬಿತ್ತು ಅನ್ನಿ. ಒಂದು ಜೋಡಣೆಯಲ್ಲಿ ಎರಡು ತುಂಡು ಸೇರುವುದರಿಂದ 1/8 ಇಂಚು ಹೋಯಿತು. ಐದು ಚೌಕದ ಸಾಲಿನಲ್ಲಿ ನಾಲ್ಕು ಜೋಡಣೆ, ಅಂದರೆ ಅರ್ಧ ಇಂಚು ಮಾಯ. ಒಂದು ಸಾಲು ಹೀಗಾಗಿ ಪಕ್ಕದ ಸಾಲು ಸರಿಯಾಗಿದ್ದರೆ ಮೂಲೆಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಮೂಲೆ ಕೂಡದೆ ಬೇಸತ್ತವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ತಪ್ಪು ಹೆಚ್ಚಾಗಿ ಮಿಷನ್ನಿನ ಫೂಟಿನದು, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ್ದು. ಮನೆ ಮಿಷನ್ನುಗಳಲ್ಲಿ ಸಾಮಾನ್ಯ ಫೂಟಿನ ಅಂಚನ್ನೇ ಗುರುತಾಗಿ ಹಿಡಿದರೆ ಹೊಲಿಗೆ ಕಾಲು ಇಂಚಿಗಿಂತ ಒಳಗೆ ಬೀಳುವುದೇ ಹೆಚ್ಚು.

ಕಿಟ್ಟಿನ ಕೈಪಿಡಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿದೆ. ಅರ್ಧ ಪುಟ ಕೊಡಬೇಕಿತ್ತು. ಪರೀಕ್ಷೆ ಸುಲಭ: 1½ ಇಂಚು ಅಗಲದ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದು ಇಸ್ತ್ರಿ ಹಾಕಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಸರಿಯಾಗಿ 1 ಇಂಚು ಬಂದರೆ ನಿಮ್ಮ ಹೊಲಿಗೆ ಕಾಲು ಇಂಚಿನದು. ಕಡಿಮೆ ಬಂದರೆ ಹೊಲಿಗೆಯನ್ನು ಒಂದೆಳೆ ಅಂಚಿನ ಕಡೆಗೆ ಸರಿಸಿ, ಆ ಗೆರೆಗೆ ಸರಿಯಾಗಿ ಮಿಷನ್ನಿನ ತಟ್ಟೆಯ ಮೇಲೆ ಕಾಗದದ ಟೇಪು ಅಂಟಿಸಿ. ಚೌಕಗಳ ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿದ್ದರಿಂದ ಇನ್ನೊಂದು ಗೊಂದಲವಿದೆ. 6½ ಇಂಚು ಹಲ್ಲಿನ ತುದಿಯಿಂದಲೋ ಹಲ್ಲಿನ ಸಂದಿಯಿಂದಲೋ? ಒಂದು ಚೌಕವನ್ನು ಅಳೆದು ನೋಡಿಯೇ ಶುರುಮಾಡಿ.

ಇನ್ನು ಬಟ್ಟೆಗಳ ವಿಷಯ.

ಪ್ರಾಣಿ ಚಿತ್ರದ ಹತ್ತಿಗೆ ಪೂರ್ತಿ ಅಂಕ. ನೇಯ್ಗೆ ಬಿಗಿಯಾಗಿದೆ, ಚಿತ್ರ ಚೌಕದ ನಡುವೆಯೇ ಕೂತಿದೆ, ಸುತ್ತ ಅರ್ಧ ಇಂಚಿಗಿಂತ ಹೆಚ್ಚು ಬಿಡುವಿರುವುದರಿಂದ ಹೊಲಿಗೆಯೊಳಗೆ ಮೊಲದ ಕಿವಿ ಸಿಕ್ಕಿಕೊಳ್ಳುವುದಿಲ್ಲ. ಜೋಡಿಸುವ ಮುನ್ನ ಎಲ್ಲ ಪ್ರಾಣಿಗಳ ತಲೆ ಒಂದೇ ಕಡೆಗಿದೆಯೇ ಎಂದು ನೆಲದ ಮೇಲೆ ಹರಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದು ನೋಡಿ. ಕಣ್ಣಿಗೆ ತಪ್ಪಿಸಿಕೊಂಡ ತಲೆಕೆಳಗಾದ ಕುರಿ ಫೋಟೋದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಕಾರ್ಡುರಾಯ್ ಪರವಾಗಿಲ್ಲ. ಸಣ್ಣ ಗೆರೆಯದನ್ನೇ ಕೊಟ್ಟಿದ್ದಾರೆ. ಒಂದು ಇಂಚಿಗೆ 16, 18 ಗೆರೆ ಇರುವ ಕಾರ್ಡುರಾಯ್ ಹತ್ತಿಯ ಜೊತೆ ಹೊಂದಿಕೊಳ್ಳುತ್ತದೆ. 8 ಗೆರೆಯದು ಪ್ಯಾಂಟಿಗೆ ಸರಿ, ಕ್ವಿಲ್ಟಿನ ಮೂಲೆಯಲ್ಲಿ ಗಂಟಿನಂತೆ ಕೂರುತ್ತದೆ. ಇದರ ಜುಂಗಿಗೆ, ಅಂದರೆ ಮೈಮೇಲೆ ಎದ್ದ ನವಿರು ಎಳೆಗಳಿಗೆ, ದಿಕ್ಕಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು, ಬಣ್ಣವೂ ಬೇರೆಯಾಗಿ ಕಾಣುತ್ತದೆ. ನಾಲ್ಕೂ ತುಂಡುಗಳ ಜುಂಗು ಕೆಳಮುಖವಾಗಿರಲಿ. ಇಸ್ತ್ರಿಯನ್ನು ಬೆನ್ನ ಕಡೆಯಿಂದ, ಕೆಳಗೆ ದಪ್ಪ ಟವೆಲು ಹಾಸಿ ಹಾಕಿ. ಇಲ್ಲವಾದರೆ ಜುಂಗು ಚಪ್ಪಟೆಯಾಗಿ ಹೊಳಪು ಬರುತ್ತದೆ, ಅದು ಸುಲಭವಾಗಿ ಹೋಗುವುದಿಲ್ಲ. ಜೋಡಣೆಯ ಮಡಿಕೆಯನ್ನು ಯಾವಾಗಲೂ ತೆಳುವಾದ ಹತ್ತಿಯ ಕಡೆಗೆ ಮಲಗಿಸಿ.

ಎರಡು ಪದರದ ಮಸ್ಲಿನ್ ಮುಟ್ಟಲು ಹಿತ, ಕತ್ತರಿಸಲು ಹಟಮಾರಿ. ಸಡಿಲ ನೇಯ್ಗೆಯಾದ್ದರಿಂದ ಎಳೆದ ಕಡೆ ಹೋಗುತ್ತದೆ, ಒಗೆದರೆ ಹತ್ತಿಗಿಂತ ಹೆಚ್ಚು ಮುದುಡುತ್ತದೆ. ಕಿಟ್ಟಿನಲ್ಲಿ ಇದನ್ನು ಮೊದಲೇ ಒಗೆದು ಕೊಟ್ಟಂತೆ ಕಾಣುವುದಿಲ್ಲ. ಕತ್ತರಿಸಿದ ಚೌಕವನ್ನು ಒಗೆಯಲು ಹೋದರೆ ಅಂಚು ಬಿಚ್ಚಿಕೊಳ್ಳುತ್ತದೆ. ಉಪಾಯ ಒಂದೇ: ಬೆನ್ನಿಗೆ ತೆಳುವಾದ ಅಂಟು ಕ್ಯಾನ್ವಾಸ್ ಇಸ್ತ್ರಿಯಿಂದ ಹತ್ತಿಸಿ, ಆಮೇಲೆ 6½ ಇಂಚಿಗೆ ಮತ್ತೆ ಸರಿಮಾಡಿ. ಮೈ ಸ್ವಲ್ಪ ಬಿಗಿಯಾಗುತ್ತದೆ, ಆದರೆ ಚೌಕ ಚೌಕವಾಗಿಯೇ ಉಳಿಯುತ್ತದೆ.

ಮಿಂಕಿಯನ್ನು ಈ ಕಿಟ್ಟಿಗೆ ಯಾಕೆ ಹಾಕಿದರೋ. ಅಂಗಡಿಯಲ್ಲಿ ಕೈ ಮೊದಲು ಹೋಗುವುದು ಅದರ ಮೇಲೆ, ಅದೇ ಕಾರಣವಿರಬೇಕು. ಇದು ಹೆಣೆದ ಪಾಲಿಯೆಸ್ಟರ್, ಅಡ್ಡಕ್ಕೆ ಹಿಗ್ಗುತ್ತದೆ. ಮಿಷನ್ನಿನ ಕೆಳಗಿನ ಹಲ್ಲುಗಳು ಒಂದು ಪದರವನ್ನು ಮುಂದೆ ಎಳೆಯುವಾಗ ಮೇಲಿನ ಪದರ ಜುಂಗಿನ ಮೇಲೆ ಜಾರುತ್ತದೆ. 6½ ಇಂಚಿನ ಹೊಲಿಗೆಯ ಕೊನೆಯಲ್ಲಿ ಕಾಲು ಇಂಚು ಹೆಚ್ಚಾಗಿ ಉಳಿದರೂ ಆಶ್ಚರ್ಯವಿಲ್ಲ. ಕಾಲು ಇಂಚಿನ ಹೊಲಿಗೆ ಇದಕ್ಕೆ ಸಾಲದು, ಪಳಗಿದವರು ಅರ್ಧ ಇಂಚು ಬಿಡುತ್ತಾರೆ. ಆದರೆ ಚೌಕಗಳ ಅಳತೆಯೇ ಕಾಲು ಇಂಚಿನ ಲೆಕ್ಕದ್ದು. ಬಿಸಿ ಇಸ್ತ್ರಿ ತಾಗಿದರೆ ಜುಂಗು ಕರಗುತ್ತದೆ. ಕತ್ತರಿಸಿದ ಅಂಚಿನಿಂದ ಉದುರುವ ನಯವಾದ ಪುಡಿ ಕೆಳದಾರದ ಬಾಬಿನ್ ಗೂಡಿನಲ್ಲಿ ತುಂಬಿಕೊಳ್ಳುತ್ತದೆ. ಮೂರೂ ಚೌಕ ಮುಗಿದ ಮೇಲೆ ಗೂಡು ಬಿಚ್ಚಿ ಬ್ರಶ್ಶಿನಿಂದ ಗುಡಿಸದಿದ್ದರೆ ಹೊಲಿಗೆ ತಪ್ಪಲು ಶುರುವಾಗುತ್ತದೆ.

ಹಟ ಹಿಡಿದು ಹೊಲಿಯುವುದಾದರೆ 90/14 ಅಳತೆಯ, ದುಂಡು ತುದಿಯ ಬಾಲ್‌ಪಾಯಿಂಟ್ ಸೂಜಿ, 3 ಮಿಲಿಮೀಟರ್ ಹೊಲಿಗೆ, ಇಂಚಿಗೊಂದು ಗುಂಡುಸೂಜಿ, ಮಿಂಕಿ ಕೆಳಗೆ, ಹತ್ತಿ ಮೇಲೆ. ನಮ್ಮ ಸಲಹೆ ಬೇರೆ. ಆ ಮೂರು ಜಾಗಕ್ಕೆ ಸಾದಾ ಹತ್ತಿ ಹಾಕಿ, ಮಿಂಕಿಯಿಂದ ಮೊಲದ ಕಿವಿಗಳನ್ನು ಮಾಡಿ. ಕಿವಿಯ ಆಕಾರದ ಎರಡು ತುಂಡು, ಒಂದು ಮಿಂಕಿ ಒಂದು ಹತ್ತಿ, ಮುಖಕ್ಕೆ ಮುಖ ಇಟ್ಟು ಸುತ್ತ ಹೊಲಿದು ತಿರುವಿ, ಬುಡವನ್ನು ಜೋಡಣೆಯ ಒಳಗೆ ಸಿಕ್ಕಿಸಿ. ಕಿವಿ ಚೌಕದ ಮೇಲೆ ಸಡಿಲವಾಗಿ ನೇತಾಡುತ್ತದೆ, ಮಗು ಹಿಡಿದು ಎಳೆಯುತ್ತದೆ. ಆದ್ದರಿಂದ ಬುಡಕ್ಕೆ ಎರಡು ಸಲ ಹೊಲಿಗೆ ಓಡಿಸಿ. ಕಣ್ಣಿಗೆ ಗುಂಡಿ ಮಾತ್ರ ಬೇಡವೇ ಬೇಡ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ದಾರದ ಕಣ್ಣು ಸಾಕು. ಒಂದು ವರ್ಷ ತುಂಬದ ಮಗು ಮಲಗುವಾಗ ಯಾವ ಕ್ವಿಲ್ಟನ್ನೂ ತೊಟ್ಟಿಲಲ್ಲಿ ಇಡಬಾರದು ಎನ್ನುವುದನ್ನೂ ಕೈಪಿಡಿ ಹೇಳಬೇಕಿತ್ತು, ಹೇಳಿಲ್ಲ.

ಅಂಟಿಸುವ ಮೊಲದ ಮಾದರಿಯಲ್ಲಿ ಒಂದು ಎಡವಟ್ಟಿದೆ. ಅಂಟು ಕಾಗದವನ್ನು ಬಟ್ಟೆಯ ಬೆನ್ನಿಗೆ ಹಚ್ಚುವುದರಿಂದ ಅದರ ಮೇಲೆ ಬರೆದ ಚಿತ್ರ ಮುಂದೆ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಕಿಟ್ಟಿನ ಮಾದರಿಯನ್ನು ತಿರುಗಿಸದೆ ಅಚ್ಚು ಹಾಕಿದ್ದಾರೆ, ಹಾಗಾಗಿ ಪೆಟ್ಟಿಗೆಯ ಮೇಲಿನ ಮೊಲ ಬಲಕ್ಕೆ ನೋಡಿದರೆ ನಿಮ್ಮದು ಎಡಕ್ಕೆ ನೋಡುತ್ತದೆ. ಅಂಟು ಕಾಗದ ಬೇರೆ ಕೊಳ್ಳುವುದಾದರೆ ಹೊಲಿಯಲು ಬರುವ ತೆಳುವಾದದ್ದನ್ನೇ ಕೇಳಿ. ಹೊಲಿಗೆ ಬೇಡದ ಗಟ್ಟಿ ಅಂಟಿನದು ಸೂಜಿಗೆ ಮೆತ್ತಿಕೊಂಡು ದಾರ ಕಡಿಯುತ್ತದೆ. ಅಂಚಿಗೆ ಒತ್ತು ಜಿಗ್‌ಜಾಗ್ ಹಾಕಲು ಹೋಗಬೇಡಿ. ಅಗಲ 2½, ಉದ್ದ 1½ ಮಿಲಿಮೀಟರಿನ ಸಡಿಲ ಜಿಗ್‌ಜಾಗ್ ತಪ್ಪುಗಳನ್ನು ಮುಚ್ಚಿಕೊಳ್ಳುತ್ತದೆ.

ಹಾಸು ಈ ಕಿಟ್ಟಿನ ಇನ್ನೊಂದು ಸೋಲು. ಉಬ್ಬಿದ ಪಾಲಿಯೆಸ್ಟರ್ ಪದರ ನೋಡಲು ಮೆತ್ತಗೆ, ಮಿಷನ್ನಿನ ಕೆಳಗೆ ಜಾರುಬಂಡೆ. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಯುಗಾದಿಯ ಹೊತ್ತಿಗೆ ಇದನ್ನು ಹೊದೆಯುವುದೂ ಕಷ್ಟ. ಚಳಿದೇಶದ ವಸಂತಕ್ಕೆ ಇನ್ನೂ ಹೊದಿಕೆ ಬೇಕು, ನಮ್ಮ ವಸಂತಕ್ಕೆ ಫ್ಯಾನು ಬೇಕು. ತೆಳುವಾದ ಹತ್ತಿ ಹಾಸು ಬದಲಾಯಿಸಿದರೆ ಹೊಲಿಗೆಯೂ ಸುಲಭ. ಅದೂ ಭಾರವೆನಿಸಿದರೆ ಉತ್ತರ ಕರ್ನಾಟಕದ ಕೌದಿಯ ದಾರಿ ಇದೆ: ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಯ ಎರಡು ಪದರವೇ ಹಾಸು. ಕೌದಿಯನ್ನು ಕೈಹೊಲಿಗೆಯಲ್ಲಿ ಒತ್ತೊತ್ತಾಗಿ ಹೊಲಿಯುವುದರಿಂದ ಪದರಗಳು ಜಾರುವ ಮಾತೇ ಇಲ್ಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮಿಷನ್ನಿನಲ್ಲಿ ಅದು ನಡೆಯದು. ಫೂಟು ಮೇಲಿನ ಪದರವನ್ನು ತಳ್ಳುತ್ತಾ ಹೋಗುತ್ತದೆ, ಅಂಚಿನಿಂದ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ. ಆದ್ದರಿಂದ ನಡುವಿನಿಂದ ಹೊರಗೆ.

ಮೂರು ಪದರ ಸೇರಿಸುವಾಗ ಹಿಂಬದಿ ಮತ್ತು ಹಾಸು ನಾಲ್ಕೂ ಕಡೆ 2 ಇಂಚು ಹೆಚ್ಚಿರಲಿ, ಅಂದರೆ ಸುಮಾರು 34½ ಮತ್ತು 40½ ಇಂಚು. ಪಿನ್ನು ನಾಲ್ಕು ಇಂಚಿಗೊಂದು ಬೇಕು, ಲೆಕ್ಕ ಹಾಕಿದರೆ 70ರ ಸುತ್ತ ಬರುತ್ತದೆ. ಕಿಟ್ಟು ಕೊಟ್ಟಿರುವುದು 25. ಪಿನ್ನು ಸಾಲದಿದ್ದರೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಎಳೆದು ತೆಗೆದರಾಯಿತು. ಮೇಲೂ ಕೆಳಗೂ ಒಟ್ಟಿಗೆ ಎಳೆಯುವ ವಾಕಿಂಗ್ ಫೂಟ್ ಇದ್ದರೆ ಹಾಕಿಕೊಳ್ಳಿ, ಈ ಕೆಲಸಕ್ಕೆ ಬೇರೆ ಯಾವ ಖರ್ಚೂ ಇಷ್ಟು ಸಾರ್ಥಕವಲ್ಲ. ಜೋಡಣೆಯ ಗೆರೆಗಳ ಮೇಲೆ ಮಾತ್ರ ಹೊಲಿದರೆ ಹೊಲಿಗೆಗಳ ನಡುವೆ 6 ಇಂಚು ಬಿಡುವಾಗುತ್ತದೆ. ಹಾಸಿನ ಪೊಟ್ಟಣದ ಮೇಲೆ ಎಷ್ಟು ಇಂಚಿಗೊಂದು ಹೊಲಿಗೆ ಬೇಕೆಂದು ಬರೆದಿರುತ್ತದೆ. ಅದು 4 ಎಂದಿದ್ದರೆ ಚೌಕಗಳ ಒಳಗೂ ಹೊಲಿಗೆ ಬೇಕು. ಸಾದಾ ಚೌಕದ ನಡುವೆ ನೇರ ಗೆರೆ ಎಳೆಯಿರಿ, ಪ್ರಾಣಿಗಳ ಮುಖದ ಮೇಲೆ ಮಾತ್ರ ಎಳೆಯಬೇಡಿ, ಆಕಾರದ ಸುತ್ತ ಹೊಲಿಯಿರಿ.

ಅಂಚಿನ ಪಟ್ಟಿಗಳು ಸಾಕಷ್ಟಿವೆ. ಸುತ್ತಳತೆ 134 ಇಂಚು, ಮೂಲೆಗೂ ಜೋಡಣೆಗೂ ಸೇರಿ 144 ಬೇಕು, ನಾಲ್ಕು ಪಟ್ಟಿಗಳಿಂದ ಅದಕ್ಕಿಂತ ಹೆಚ್ಚೇ ಸಿಗುತ್ತದೆ.

ಕಿಟ್ಟು ಬೇಡ, ಬಟ್ಟೆ ನಾವೇ ಕೂಡಿಸುತ್ತೇವೆ ಅನ್ನುವವರಿಗೆ: 44 ಇಂಚು ಪನ್ನದ ಬಟ್ಟೆಯ ಒಂದು 6½ ಇಂಚಿನ ಪಟ್ಟಿಯಲ್ಲಿ ಆರು ಚೌಕ ಬರುತ್ತವೆ. ಪ್ರಾಣಿ ಚಿತ್ರದ ಬಟ್ಟೆ, ಮಸ್ಲಿನ್ ಬಿಟ್ಟು ಉಳಿದದ್ದಕ್ಕೆ ಸಾದಾ ಹತ್ತಿ ಅರ್ಧ ಮೀಟರ್, ಕಾರ್ಡುರಾಯ್ ಕಾಲು ಮೀಟರ್, ಹಿಂಬದಿಗೆ ಒಂದು ಮೀಟರ್, ಅಂಚಿಗೆ 30 ಸೆಂಟಿಮೀಟರ್ ಕೊಂಡರೆ ಸಾಕು. ಪ್ರಾಣಿ ಚಿತ್ರದ ಬಟ್ಟೆ ಸಿಗದಿದ್ದರೆ ಕಸೂತಿ ಬಲ್ಲವರ ಹತ್ತಿರ ಆನೆ, ನವಿಲು, ಗಿಳಿ ಆಗಲೇ ಇವೆ. ಎಳೆ ಎಣಿಸಲು ಬರುವ ಸಾದಾ ಹತ್ತಿಯ ಮೇಲೆ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ತೆಗೆದು, ಆಮೇಲೆ ಚೌಕ ಕತ್ತರಿಸಿ. ಮೊದಲೇ ಕತ್ತರಿಸಿದರೆ ಹೊಲಿಗೆಯ ಎಳೆತಕ್ಕೆ ಅಳತೆ ಕೆಡುತ್ತದೆ.

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ. ಗಾಢ ಬಣ್ಣದ ಚೌಕವಿದ್ದರೆ ಹೊಲಿಯುವ ಮುಂಚೆಯೇ ಅದರ ಮೂಲೆಯನ್ನು ಒದ್ದೆಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಚೌಕ ಕುರಿಮರಿಯ ಪಕ್ಕ ಬೇಡ.