ವೇರಿಗೇಟೆಡ್ ಮೋಸಂಬಿ ಅಂತ ನಾನು ಮನೆಗೆ ತಂದದ್ದು ರೋಗ

ನಿಂಬೆ, ಕಿತ್ತಳೆ ಜಾತಿಯ ವೇರಿಗೇಟೆಡ್, ಅಂದರೆ ಹಸಿರೆಲೆಯಲ್ಲಿ ಬಿಳಿ ಇಲ್ಲವೇ ಕೆನೆಬಣ್ಣ ಇರುವ ಬಣ್ಣದೆಲೆ ಗಿಡಗಳನ್ನು ಹುಡುಕಿ ಹುಡುಕಿ ತರುವವರು, ಅದರಲ್ಲೂ ಫೋಟೊ ನೋಡಿ ಕೊರಿಯರ್‌ನಲ್ಲಿ ತರಿಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಥ ಒಂದೇ ಒಂದು ಗಿಡದಿಂದ ನಮ್ಮವ್ವ ನೆಟ್ಟು ಬೆಳೆಸಿದ ಮೋಸಂಬಿ ಮರ ಹೋಯಿತು. ಹಿರಿಯೂರಿನ ಹತ್ತಿರ ಮಾವನ ತೋಟಕ್ಕೂ ಆ ರೋಗವನ್ನು ನನ್ನ ಕೈಯಾರೆ ಕೊಟ್ಟು ಬಂದಿದ್ದೆ.

ನಮ್ಮ ಮನೆ ದಾವಣಗೆರೆಯಲ್ಲಿ. ತಾರಸಿ ಮೇಲೆ ಗಜನಿಂಬೆ, ಕಂಚಿ, ಮಾದಳ, ಕ್ಯಾಲಮಾಂಡಿನ್ ಎಲ್ಲ ಕುಂಡದಲ್ಲಿವೆ. ವೇರಿಗೇಟೆಡ್ ಗಿಡಗಳ ಆಸೆ ಹತ್ತಿಸಿದ್ದು ಪಿಂಕ್ ಲೆಮನ್. ಎಲೆಯ ಅಂಚಿಗೆ ಕೆನೆಬಣ್ಣ, ಎಳೆಗಾಯಿ ಮೇಲೆ ಹಸಿರು ಹಳದಿ ಪಟ್ಟೆ, ಕೊಯ್ದರೆ ಒಳಗೆ ತಿಳಿ ಗುಲಾಬಿ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಅನ್ನೋ ಅಂಶವೇ ಇದಕ್ಕೂ ಆ ಬಣ್ಣ ಕೊಡುತ್ತದೆ. 1930ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಮಾಮೂಲಿ ಯುರೇಕಾ ನಿಂಬೆ ಮರದಲ್ಲಿ ತಾನಾಗಿ ಕಾಣಿಸಿಕೊಂಡ ತಳಿ ಇದು. ನಮ್ಮ ಏಪ್ರಿಲ್ ಬಿಸಿಲಿಗೆ ಎಲೆಯ ಬಿಳಿ ಭಾಗ ಸುಟ್ಟು ಹೋಗುತ್ತದೆ, ಅದಕ್ಕೆ ನೆರಳು ಬಲೆ ಕಟ್ಟಿದ್ದೇನೆ. ಅಷ್ಟು ಜೋಪಾನ ಮಾಡೋಕೆ ಯೋಗ್ಯವಾದ ಗಿಡ.

2021ರ ಜುಲೈನಲ್ಲಿ ಒಬ್ಬರು ವೇರಿಗೇಟೆಡ್ ಮೋಸಂಬಿ ಇದೆ ಅಂತ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ಸಸಿಗೆ 1,800 ರೂಪಾಯಿ. ಬಂದ ಗಿಡ ಫೋಟೊದ ಹಾಗಿರಲಿಲ್ಲ. ಬಲಿತ ಎಲೆಗಳಲ್ಲಿ ಅಲ್ಲಲ್ಲಿ ಹಳದಿ ಮಚ್ಚೆ, ಚಿಗುರೆಲ್ಲ ಬರೀ ಹಸಿರು. ಫೋನ್ ಮಾಡಿ ಕೇಳಿದೆ. "ಚಿಗುರು ಬಲಿತ ಮೇಲೆ ಬಣ್ಣ ಬರುತ್ತೆ ಮೇಡಂ, ಸ್ವಲ್ಪ ಕಾಯಿರಿ" ಅಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತನ್ನು ನಾನು ನಂಬಬಾರದಿತ್ತು. ನಿಜವಾದ ವೇರಿಗೇಟೆಡ್ ಗಿಡದಲ್ಲಿ ಕೆನೆಬಣ್ಣ ಎಳೆ ಎಲೆಯಲ್ಲೇ ಇರುತ್ತದೆ, ಬಿಳಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಯಿತು ಅನ್ನೋ ಗೆರೆ ಸ್ಪಷ್ಟವಾಗಿರುತ್ತದೆ. ಎಳೆ ಕಡ್ಡಿಯ ಮೇಲೂ ಬಹಳ ಸಲ ಪಟ್ಟೆ ಕಾಣುತ್ತದೆ. ಹಸಿರಾಗೇ ಬಂದ ಎಲೆ ಆಮೇಲೆ ಹಳದಿಗೆ ತಿರುಗಿತು ಅಂದರೆ ಆ ಗಿಡಕ್ಕೆ ಏನೋ ಆಗಿದೆ ಅಂತಲೇ ಅರ್ಥ.

ನನಗೆ ಹೊಳೆದದ್ದು ಪೋಷಕಾಂಶದ ಕೊರತೆ. ನಮ್ಮ ಬೋರ್ ನೀರು ಗಡಸು, ಕುಂಡದ ಗಿಡಗಳಿಗೆ ಕಬ್ಬಿಣ, ಸತು ಸಿಗದೆ ಎಲೆ ಹಳದಿಯಾಗೋದು ಮಾಮೂಲಿ. ಆರು ತಿಂಗಳು ಜಿಂಕ್ ಸಲ್ಫೇಟ್, ಮೈಕ್ರೋನ್ಯೂಟ್ರಿಯೆಂಟ್ ಅಂತ ಸಿಂಪಡಿಸಿದೆ. ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ವೇರಿಗೇಟೆಡ್ ಗುಣ ಬೀಜದಲ್ಲಿ ಸಾಮಾನ್ಯವಾಗಿ ಉಳಿಯೋದಿಲ್ಲ, ಬೀಜ ಹಾಕಿದರೆ ಹಸಿರು ಗಿಡವೇ ಬರುತ್ತದೆ. ತಳಿ ಉಳಿಸಬೇಕೆಂದರೆ ಕಸಿಯೇ ಗತಿ. ಹಾಗಾಗಿ 2022ರ ಫೆಬ್ರವರಿಯಲ್ಲಿ ಆ ಗಿಡದಿಂದ ನಾಲ್ಕು ಕಣ್ಣು, ಅಂದರೆ ಕಸಿಗೆ ಬೇಕಾದ ಮೊಗ್ಗು, ತೆಗೆದು ಜಂಬೇರಿ ಅನ್ನೋ ಒರಟು ನಿಂಬೆಯ ಸಸಿಗಳಿಗೆ ಕಟ್ಟಿದೆ. ಎರಡು ಹಿಡಿದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಆ ವರ್ಷದ ಕೊನೆಗೆ ಮಾವನಿಗೆ ಕೊಟ್ಟೆ. ಅವರ ತೋಟದಲ್ಲಿ 200 ಮೋಸಂಬಿ ಗಿಡ ಇವೆ.

2023ರ ದೀಪಾವಳಿ ಹೊತ್ತಿಗೆ ಅವ್ವನ ಮರದಲ್ಲಿ ಒಂದು ಕೊಂಬೆ ಮಾತ್ರ ಹಳದಿಯಾಯಿತು. ಅವ್ವ ಒಂದು ಕಾಯಿ ಕಿತ್ತು ತಂದು ನನ್ನ ಮುಂದಿಟ್ಟು, "ಇದ್ಯಾಕೆ ಹಿಂಗ ಸೊಟ್ಟ ಆಗೈತಿ?" ಅಂದಳು. ಕೊಯ್ದು ನೋಡಿದೆ. ಒಂದು ಮಗ್ಗಲು ಬೆಳೆದಿತ್ತು, ಇನ್ನೊಂದು ಬೆಳೆದೇ ಇರಲಿಲ್ಲ. ಬೀಜಗಳು ಕಪ್ಪಗೆ, ಜೊಳ್ಳು. ತೊಟ್ಟಿನ ಕಡೆ ಬಣ್ಣ ಬಂದು ತುದಿ ಇನ್ನೂ ಹಸಿರಾಗಿತ್ತು. ನಾಲಿಗೆಗೆ ಇಟ್ಟರೆ ಕಹಿ. ಅವ್ವ 2009ರಲ್ಲಿ ನೆಟ್ಟ ಮರ ಅದು, ಪ್ರತಿ ವರ್ಷ ಬೀದಿಯವರಿಗೆಲ್ಲ ಹಣ್ಣು ಹಂಚುತ್ತಿದ್ದಳು.

ತೋಟಗಾರಿಕೆ ಓದಿದ ಪರಿಚಯದವರೊಬ್ಬರು ಬಂದು ಎಲೆ ನೋಡಿದರು. ನಡುನರದ ಎಡಕ್ಕೊಂದು, ಬಲಕ್ಕೊಂದು, ಒಂದೇ ಜಾಗದಲ್ಲಿ ಪೆನ್ನಿನಿಂದ ಸುತ್ತು ಹಾಕಿ, ಎರಡರೊಳಗಿನ ಬಣ್ಣ ಒಂದೇ ಥರ ಇದೆಯಾ ನೋಡಿ ಅಂದರು. ಇರಲಿಲ್ಲ. ಕಬ್ಬಿಣ, ಸತುವಿನ ಕೊರತೆಯಲ್ಲಿ ಹಳದಿ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಇಲ್ಲಿ ಒಂದು ಕಡೆ ಹಸಿರು, ಇನ್ನೊಂದು ಕಡೆ ಮಸುಕು ಹಳದಿ. ಕೊರಿಯರ್‌ನಲ್ಲಿ ಬಂದ ಗಿಡದ ಎಲೆಗೂ ಹಾಗೇ ಸುತ್ತು ಹಾಕಿದೆವು. ಅದೂ ಹಾಗೇ ಇತ್ತು. ವೇರಿಗೇಟೆಡ್ ಎಲೆಯ ಎರಡು ಮಗ್ಗಲೂ ಬೇರೆ ಬೇರೆ ಇರಬಹುದು, ಆದರೆ ಅಲ್ಲಿ ಬಣ್ಣದ ಅಂಚು ಕತ್ತರಿಸಿದ ಹಾಗಿರುತ್ತದೆ, ಹೀಗೆ ಕಲಸಿಕೊಂಡಿರೋದಿಲ್ಲ. ಎಲೆ ಕಳಿಸಿ, ರೋಗಾಣುವಿನ ಡಿಎನ್‌ಎ ಇದೆಯಾ ಅಂತ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದೆ. 2024ರ ಜನವರಿಯಲ್ಲಿ ಫಲಿತಾಂಶ ಬಂತು, ಎರಡೂ ಗಿಡಕ್ಕೆ ಗ್ರೀನಿಂಗ್ ರೋಗ.

ಈ ರೋಗದ ಬ್ಯಾಕ್ಟೀರಿಯಾ ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ ಕೂರುತ್ತದೆ. ಬಂದ ಮರವನ್ನು ಗುಣಪಡಿಸುವ ಔಷಧಿ ಇಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳನ್ನೇ ಹಾಳು ಮಾಡಿತು. ಹರಡೋದು ಎರಡು ದಾರಿಯಲ್ಲಿ: ಒಂದು ಕಸಿ, ಇನ್ನೊಂದು ಸಿಲ್ಲಾ ಅನ್ನೋ ಮೂರು ನಾಲ್ಕು ಮಿಲಿಮೀಟರ್‌ನ ಕೀಟ. ಹಿಂಭಾಗ ಮೇಲಕ್ಕೆತ್ತಿ ಓರೆಯಾಗಿ ಕೂತಿರುತ್ತದೆ, ಮರಿಗಳು ಎಳೆ ಚಿಗುರಿಗೆ ಅಂಟಿಕೊಂಡು ಬಿಳಿ ಮೇಣದ ಎಳೆ ಬಿಡುತ್ತವೆ. ನಾನು ಅದನ್ನು ಮೊದಲು ಕಂಡದ್ದು ಹಿತ್ತಲಿನ ಕರಿಬೇವಿನ ಚಿಗುರಿನಲ್ಲಿ. ಕರಿಬೇವೂ ನಿಂಬೆಯ ಕುಟುಂಬದ್ದೇ, ಸಿಲ್ಲಾಕ್ಕೆ ಅದು ಇಷ್ಟ. ನಮ್ಮ ಕಡೆ ಕರಿಬೇವಿಲ್ಲದ ಹಿತ್ತಲು ಎಲ್ಲಿದೆ ಹೇಳಿ. ರೋಗ ತಗುಲಿದ ಮೇಲೆ ಲಕ್ಷಣ ಕಾಣೋಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ನಾವು ಕಣ್ಣು ತೆಗೆದು ಸ್ನೇಹಿತರಿಗೆಲ್ಲ ಹಂಚಿರುತ್ತೇವೆ.

ಕಡಿಯುವ ಮೊದಲು ಕೀಟಕ್ಕೆ ಔಷಧಿ ಹೊಡೆಯಲೇಬೇಕು, ಇಲ್ಲದಿದ್ದರೆ ಅವು ಹಾರಿ ಪಕ್ಕದ ಗಿಡಕ್ಕೆ ಹೋಗುತ್ತವೆ. ಬೇರನ್ನೂ ಕಿತ್ತು ತೆಗೆಯಬೇಕು, ಬೇರಿನಿಂದ ಬರುವ ಚಿಗುರಲ್ಲೂ ರೋಗ ಇರಬಹುದು. ಅವ್ವ ಹೇಳಿದ್ದು ಒಂದೇ ಮಾತು: "ನಾ ಊರಿಗೆ ಹೋದಾಗ ಕಡಸು." ಅವಳು ಹೋದ ದಿನವೇ ಕಡಿಸಿದೆ. ಕೊರಿಯರ್ ಗಿಡ, ನಾನು ಕಸಿ ಕಟ್ಟಿದ್ದು, ಎರಡನ್ನೂ ಸುಟ್ಟೆ.

ಈಗ ಹೊಸ ಗಿಡ ಯಾವುದೇ ಬರಲಿ, ಉಳಿದವುಗಳಿಂದ ದೂರ, ಕೀಟ ನುಗ್ಗದ ಸಣ್ಣ ತೂತಿನ ಬಲೆಯೊಳಗೆ ಎರಡು ವರ್ಷ ಇಡುತ್ತೇನೆ. ಅಲ್ಲಿವರೆಗೆ ಅದರ ಒಂದು ಕಣ್ಣನ್ನೂ ಯಾರಿಗೂ ಕೊಡೋದಿಲ್ಲ. ತಾಯಿ ಮರದ ಪರೀಕ್ಷೆ ಆಗಿದೆಯಾ ಅಂತ ಮಾರುವವರನ್ನು ಕೇಳುತ್ತೇನೆ. ಎಲೆ ಮಾತ್ರವಲ್ಲ, ಚಿಗುರು ಮತ್ತು ಕಡ್ಡಿಯ ಫೋಟೊ ಕಳಿಸಿ ಅನ್ನುತ್ತೇನೆ. ಇಷ್ಟಕ್ಕೇ ಬೇಜಾರು ಮಾಡಿಕೊಂಡರೆ ಅವರ ಹತ್ತಿರ ಕೊಳ್ಳಬೇಡಿ.

ಮಾವನಿಗೆ ಫೋನಿನಲ್ಲಿ ಹೇಳೋಕೆ ಮನಸ್ಸಾಗಲಿಲ್ಲ, ಫಲಿತಾಂಶ ಬಂದ ಮರುದಿನ ಬೆಳಗಿನ ಬಸ್ಸಿಗೇ ಹೋದೆ. ಕೇಳಿ ಅವರು ಬಯ್ಯಲಿಲ್ಲ. "ಯಾವ ಸಾಲಿನಾಗ ಇಟ್ಟಿದ್ವಿ ತೋರ್ಸು ಬಾರವ್ವ" ಅಂತ ಗುದ್ದಲಿ ಹಿಡಿದು ಎದ್ದರು. ಮೊದಲು ಔಷಧಿ ಹೊಡೆದು, ಸಂಜೆ ಹೊತ್ತಿಗೆ ಅದನ್ನು ಬೇರು ಸಮೇತ ಕಿತ್ತೆವು. ಸುತ್ತಲಿನ ಎಂಟು ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿ ಬಂದಿದ್ದೇನೆ. ಪ್ರತಿ ಸಲ ಚಿಗುರು ಬಂದಾಗ ಮಾವ ಆ ಎಂಟರ ಎಲೆಗಳಿಗೂ ಪೆನ್ನಿನಿಂದ ಸುತ್ತು ಹಾಕಿ ಫೋಟೊ ಕಳಿಸುತ್ತಾರೆ.