ಏರ್ ಫ್ರೈಯರ್ ತಗೋಬೇಕಾ, ಓವನ್ ತಗೋಬೇಕಾ?

ನಮ್ಮ ಕಾಕು ವಾರದಿಂದ ಇದನ್ನೇ ಕೇಳ್ಲಿಕತ್ತಾರ, ನಮ್ಮ ಮನ್ಯಾಗ ಎರಡೂ ಅವ ಅಂತ ನಾ ಹೇಳ್ಲಿಕ್ಕ ಕುಂತೀನಿ. ಏರ್ ಫ್ರೈಯರ್ ಅಂದ್ರ ಕರಿಯೋ ಮಷೀನ್ ಅಲ್ರಿ, ಖರೆ ಹೇಳ್ಬೇಕಂದ್ರ ಅದೂ ಸಣ್ಣ ಓವನ್ನೇ, ಮ್ಯಾಲ ಕಾಯಿಲ್, ಜೋಡಿ ಜೋರ್ ಫ್ಯಾನ್, ಬಿಸಿ ಗಾಳಿ ಸಣ್ಣ ಬುಟ್ಟಿಯೊಳಗ ಗಿರ್ರ ಅಂತ ತಿರುಗ್ತದ, ಅದಕ್ಕೇ ಲಗೂನ ಗರಿಗರಿ ಆಗ್ತದ.

ಶೇಂಗಾ ಹುರಿಯೋದು, ಆಲೂ, ಚಿಕನ್, ನಿನ್ನಿ ಉಳಿದ ಸಮೋಸಾ ಬಿಸಿ ಮಾಡೋದು, ಇದಕ್ಕೆಲ್ಲ ಭಾಳ ಚಲೋ. ಆದ್ರ ಮಿರ್ಚಿ ಭಜಿ ಮಾಡ್ಲಿಕ್ಕ ಹೋಗಬ್ಯಾಡ್ರಿ, ಹಸಿ ಹಿಟ್ಟು ತೂತಿನಾಗಿಂದ ಕೆಳಗ ಸೋರ್ತದ, ನಾ ಒಮ್ಮಿ ಮಾಡಿ ಅರ್ಧ ತಾಸು ಬುಟ್ಟಿ ತಿಕ್ಕೀನಿ, ಭಜಿಗೆ ಬುಟ್ಟಿ ಅಲ್ಲ ಬಾಣಲಿನೇ ಬೇಕು.

ಕೇಕ್, ಬ್ರೆಡ್, ನಾನ್‌ಖಟಾಯಿ ಮಾಡೋರಿಗೆ ಓವನ್ನೇ. 30 ಲೀಟರ್ ಓಟಿಜಿಯೊಳಗ (ಮನ್ಯಾಗ ಇಡೋ ಕರೆಂಟ್ ಓವನ್) ದೊಡ್ಡ ಟ್ರೇ ಹಿಡೀತದ, 4 ಲೀಟರ್ ಬುಟ್ಟಿಯೊಳಗ ಏಳೆಂಟು ಮಂದಿಗೆ ಮಾಡ್ಬೇಕಂದ್ರ ಮೂರ್ ಸಲ ಹಾಕ್ಬೇಕು. ಆದ್ರ ಓವನ್ ಕಾಯ್ಲಿಕ್ಕೇ ಹತ್ತು-ಹದಿನೈದು ನಿಮಿಷ ಬೇಕು, ಕಲಬುರಗಿ ಮೇ ತಿಂಗಳ ಬಿಸಲಾಗ ಅಡಗಿಮನ್ಯಾಗ ತಾಸುಗಟ್ಟಲೆ ಅದನ್ನ ಹಚ್ಚಿ ನಿಂದ್ರೋದು ನನ್ ಕೈಲೆ ಆಗಂಗಿಲ್ಲಪ್ಪ.

ಎರಡೂ ಸುಮಾರು 1500 ವ್ಯಾಟ್, ಏರ್ ಫ್ರೈಯರ್ ಕಡಿಮಿ ಹೊತ್ತು ಓಡ್ತದ ಅಂತ ಬಿಲ್ ಕಡಿಮಿ. ಪ್ಲಗ್ ಮಾತ್ರ 16 ಆಂಪ್ ಸಾಕೆಟ್‌ಗೇ ಹಾಕ್ರಿ, ಸಣ್ಣ ಇನ್ವರ್ಟರ್ ಇದನ್ನ ಎಳ್ಯಂಗಿಲ್ಲ.

ಕಾಕು ಮನ್ಯಾಗ ಇಬ್ಬರೇ, ಕೇಕ್ ಮಾಡೋ ಹುಚ್ಚೂ ಇಲ್ಲ, ಏರ್ ಫ್ರೈಯರ್ ತಗೋರಿ ಅಂದೆ. ಜ್ವಾಳದ ರೊಟ್ಟಿ ಆಗ್ತದೇನೋ ಅಂದ್ರು. ಎರಡರಾಗೂ ಆಗಂಗಿಲ್ಲ ಕಾಕು, ಹಂಚು ಎತ್ತಿಡಬ್ಯಾಡ್ರಿ!